ದೇವಸ್ಥಾನ ಕಳೆದು ಉಳಿದದ್ದು

ಜನವರಿ 18, ಶನಿವಾರ

ಇವತ್ತಿನ ಹುಡುಕಾಟದ ಕ್ಲಾಸಿಗೆ ಇಪ್ಪತ್ತಮೂರು ಜನ ಬಂದಿದ್ದರು. ಅದರಲ್ಲಿ ಹತ್ತು ಮಂದಿ ಬಂದದ್ದು ಲೈಬ್ರರಿಯ ವೈಫೈಗೆ. ಅದು ಅವರಿಗೂ ಗೊತ್ತು, ನನಗೂ ಗೊತ್ತು. ಬರಲಿ. ಲೈಬ್ರರಿಯನ್ ಕೆಲಸಕ್ಕೆ ಸೇರಿ ಹದಿಮೂರು ವರ್ಷವಾಯಿತು, ಪುಸ್ತಕ ಕೇಳಿಕೊಂಡು ಇಷ್ಟು ಜನ ಒಟ್ಟಿಗೆ ಒಳಗೆ ಬಂದದ್ದನ್ನು ನಾನು ಕಂಡಿಲ್ಲ.

ಮೊದಲ ಪಾಠ ಎಂದಿನಂತೆ ಮೈನಸ್. ಬೇಲೂರು, ಹಳೇಬೀಡಿನವರಿಗೆ ಇದು ಬೇಕೇ ಬೇಕು. ಹಳೇಬೀಡು ಪಶು ಆಸ್ಪತ್ರೆ ಎಂದು ಇಂಟರ್ನೆಟ್ಟಿನಲ್ಲಿ ಹುಡುಕಿದರೆ ದೇವಸ್ಥಾನ ಬರುತ್ತದೆ. ರಾಗಿ ಖರೀದಿ ಕೇಂದ್ರ ಎಂದರೂ ದೇವಸ್ಥಾನ, ಅದರ ಪಕ್ಕದ ಹೋಟೆಲು, ಯಾವ ತಿಂಗಳು ನೋಡಲು ಚೆನ್ನ ಎಂಬ ಸಲಹೆ. ಊರಿನಲ್ಲಿ ಕಲ್ಲು ಬಿಟ್ಟು ಮನುಷ್ಯರೇ ಇಲ್ಲವೇನೋ ಎಂಬಂತೆ. ಬೇಡವಾದ ಪದದ ಮುಂದೆ ಒಂದು ಅಡ್ಡಗೆರೆ ಎಳೆದರೆ ಆ ಪದವಿರುವ ಪುಟಗಳೆಲ್ಲ ಹೊರಗೆ ಹೋಗುತ್ತವೆ ಎಂದು ತೋರಿಸಿದೆ. ಮೈನಸ್ ದೇವಸ್ಥಾನ, ಮೈನಸ್ ಹೊಯ್ಸಳ, ಮೈನಸ್ ಹೋಟೆಲ್. ಗೋಡೆಯ ಮೇಲಿನ ಪರದೆ ಖಾಲಿಯಾಗಿ, ಪಶು ಆಸ್ಪತ್ರೆಯ ಫೋನ್ ನಂಬರು ಬಂತು. ಎಲ್ಲರೂ ಹೋ ಎಂದರು.

ಇಂದು ಎಂಬ ಹುಡುಗಿ, ಬಿ.ಎ. ಎರಡನೆಯ ವರ್ಷ, ಹಳೇಬೀಡಿನವಳು, ಕೈ ಎತ್ತಿದಳು. "ಮೇಡಂ, ನಮಗೆ ಬೇಕಾಗಿರೋದು ದೇವಸ್ಥಾನದ ಪುಟದಲ್ಲೇ ಇದ್ರೆ?"

"ಹಾಗಿದ್ರೆ ಅದು ನಿನಗೆ ಬೇಕಾಗಿರೋದಲ್ಲ ಅಂತ ತಿಳ್ಕೋ," ಎಂದೆ. ನಕ್ಕರು. ಅವಳೂ ನಕ್ಕಳು.

ಕ್ಲಾಸಿನ ಮಧ್ಯೆ ಬೀರುವಿನ ಅಡಿಯಿಂದ ಒಂದು ಜರಿಹುಳ ಬಂತು. ಹುಡುಗರು ಚಪ್ಪಲಿ ಕೈಗೆ ತೆಗೆದುಕೊಂಡರು. ನಾನು ಬೈದು, ಹಳೆಯ ಕ್ಯಾಲೆಂಡರಿನ ರಟ್ಟಿನ ಮೇಲೆ ಅದನ್ನು ಹತ್ತಿಸಿಕೊಂಡು ಹೋಗಿ ಕಾಂಪೌಂಡಿನ ಆಚೆ ಬಿಟ್ಟುಬಂದೆ.

ಸಂಜೆ ತಮ್ಮ ನಟರಾಜ ಉತ್ತರ ಪತ್ರಿಕೆಗಳನ್ನು ಮಡಿಲಲ್ಲಿ ಹಾಕಿಕೊಂಡು, "ಅಕ್ಕ, ನಿನ್ನ ಕ್ಲಾಸಲ್ಲಿ ಮದುವೆಗೆ ಹುಡುಗಿ ಹುಡುಕೋದು ಹೇಳ್ಕೊಡ್ತೀಯಾ?" ಎಂದ.

"ಹುಡುಗಿ ಮೈನಸ್ ಬುದ್ಧಿ ಅಂತ ಹಾಕು. ನಿನ್ನ ಒಪ್ಪೋಳು ಸಿಗ್ತಾಳೆ."

ಹಳೇಬೀಡು ಹೈಸ್ಕೂಲಿನ ಗಣಿತದ ಮೇಷ್ಟರು, ಮೂವತ್ನಾಲ್ಕು ವರ್ಷ, ನಾಳೆ ಭಾನುವಾರವೂ ಹತ್ತನೆಯ ತರಗತಿಯವರಿಗೆ ಪಾಠವಂತೆ. ದೀಪ ಹಚ್ಚುವ ಹೊತ್ತಿಗೆ ಬುದ್ಧನ ಪಟದ ಮುಂದೆ, ಅಪ್ಪನ ಫೋಟೋದ ಪಕ್ಕ ಕೂತು ಅವ್ವನ ಜೊತೆ ಮೂವರೂ ಪಂಚಶೀಲ ಹೇಳಿದೆವು. ಅವ್ವನಿಗೆ ಪಾಲಿ ಭಾಷೆ ಬಾರದು, ಆದರೆ ಮೊದಲ ಸಾಲನ್ನು ಅವಳೇ ಹೇಳಬೇಕು. ಪ್ರಾಣವಿರುವುದನ್ನು ಹಿಂಸಿಸುವುದಿಲ್ಲ.

ಜನವರಿ 20, ಸೋಮವಾರ

ನಟರಾಜನನ್ನು ಹೊಡೆದಿದ್ದಾರೆ.

ನಿನ್ನೆ ಸಂಜೆ ನಾಲ್ಕೂವರೆಗೆ, ಹಳೇಬೀಡಿನ ಕೆರೆ ಪಕ್ಕದ ರಸ್ತೆಯಲ್ಲಿ, ಹಾಡಹಗಲೇ. ಯಾರೆಂದು ಗೊತ್ತಿಲ್ಲ. ಕಬ್ಬಿಣದ ರಾಡಿನಲ್ಲಿ. ದವಡೆ ಎರಡು ಕಡೆ ಮುರಿದಿದೆ. ಮೂರು ಪಕ್ಕೆಲುಬು. ತಲೆಗೆ ಹತ್ತೊಂಬತ್ತು ಹೊಲಿಗೆ. ಎಡಗಣ್ಣು ಇದ್ದ ಜಾಗದಲ್ಲಿ ಬದನೆಕಾಯಿಯಂಥ ಊತ. ಹಾಸನದ ಆಸ್ಪತ್ರೆಯಲ್ಲಿ ಬಾಯಿಗೆ ಕೊಳವೆ ಹಾಕಿ ಮಲಗಿಸಿದ್ದಾರೆ. ಅವ್ವ ಕಾಲಿನ ಬೆರಳು ನೋಡಿ ಮಗನನ್ನು ಗುರುತಿಸಿದಳು.

ಜನವರಿ 22, ಬುಧವಾರ

ನರ್ಸ್ ಒಂದು ಪ್ಲಾಸ್ಟಿಕ್ ಕವರ್ ಕೊಟ್ಟರು. ವಾಚು, ಹರಿದ ಅಂಗಿ, ರಕ್ತ ಮೆತ್ತಿದ ಹದಿನಾರು ಉತ್ತರ ಪತ್ರಿಕೆ, ತಲೆಗೆ ಕಟ್ಟಿದ್ದ ಒಂದು ಬಟ್ಟೆ. ಬಟ್ಟೆ ಒಣಗಿ ಹಪ್ಪಳದಂತಾಗಿತ್ತು, ಬಣ್ಣ ತಿಳಿಯುವ ಹಾಗಿರಲಿಲ್ಲ. ಆಂಬುಲೆನ್ಸಿನವರದಿರಬೇಕು. ಮನೆಗೆ ತಂದು ಬಚ್ಚಲಿನ ಬಕೆಟ್ಟಿಗೆ ಹಾಕಿದೆ.

ಕೊಳವೆ ತೆಗೆದಿದ್ದಾರೆ, ದವಡೆಗೆ ತಂತಿ ಬಿಗಿದಿದ್ದಾರೆ. ಸ್ಲೇಟು ಕೊಟ್ಟರೆ ಬರೆಯುತ್ತಾನೆ. ಶಾಲೆಯಿಂದ ಹೊರಟದ್ದು ನೆನಪಿದೆ, ಆಮೇಲಿನದು ಇಲ್ಲ. "ಬೈಕ್?" ಎಂದು ಬರೆದ. ನಾನು ಹೊರಗೆ ಹೋಗಿ ಅತ್ತೆ.

ಸಬ್‌ಇನ್ಸ್‌ಪೆಕ್ಟರ್ ಅರುಣ್‌ಕುಮಾರ್ ಒಳ್ಳೆಯ ಮನುಷ್ಯ, ಕುರ್ಚಿ ಕೊಟ್ಟು ಕೂರಿಸಿದರು. "ಕ್ಯಾಮೆರಾಗಳನ್ನ ನೋಡ್ತಿದೀವಿ ಮೇಡಂ, ತಾಳ್ಮೆ ಇರಲಿ," ಎಂದರು. ಇಟ್ಟುಕೊಂಡಿದ್ದೇನೆ.

ಜನವರಿ 25, ಶನಿವಾರ

ಕ್ಲಾಸ್ ಮಾಡಲಿಲ್ಲ. ಮಧ್ಯಾಹ್ನ ವಾಟ್ಸಾಪಿನಲ್ಲಿ ಒಂದು ವಿಡಿಯೋ ಬಂತು. ಯಾರೋ ಟೀ ಅಂಗಡಿ ಕಡೆಯಿಂದ ಓಡಿ ಬರುತ್ತಾ ತೆಗೆದದ್ದು. ಹನ್ನೊಂದು ಸೆಕೆಂಡು.

ನನ್ನ ತಮ್ಮ ನೆಲದ ಮೇಲೆ ಮುದುರಿ ಬಿದ್ದಿದ್ದಾನೆ. ಅವನ ಎರಡೂ ಪಕ್ಕ ಕಾಲಿಟ್ಟು ಆಕಾಶನೀಲಿ ಅಂಗಿಯ ಒಬ್ಬ ನಿಂತಿದ್ದಾನೆ. ಬೆನ್ನು ನಮ್ಮ ಕಡೆಗೆ. ಬಲಗೈಯಲ್ಲಿ ಕಾರಿನ ಜಾಕಿ ರಾಡ್. ಅದನ್ನು ತಲೆಯ ಮೇಲೆ ಎತ್ತುತ್ತಾನೆ. ಏಟು ಬೀಳುವ ಮೊದಲೇ ಯಾರದೋ ಭುಜ ಅಡ್ಡ ಬಂದು ವಿಡಿಯೋ ನಿಲ್ಲುತ್ತದೆ. ಹಿಂದೆ ಒಂದು ಬಿಳಿ ಕಾರು, ನಂಬರು ಕಾಣದು, ಹಿಂದಿನ ಗಾಜಿಗೆ ದುಂಡಗಿನ ಒಂದು ಸ್ಟಿಕ್ಕರು.

ನಲವತ್ತು ಸಲ ನೋಡಿದೆ. ಆಮೇಲೆ ಲೆಕ್ಕ ಬಿಟ್ಟೆ. ಸ್ಟೇಷನ್ನಿಗೆ ಕಳಿಸಿದರೆ, ಆಗಲೇ ತಮ್ಮ ಕೈಗೆ ಬಂದಿದೆ, ಮುಖ ಕಾಣುತ್ತಿಲ್ಲ, ಹುಡುಕುತ್ತಿದ್ದೇವೆ ಎಂದರು. ಹುಡುಕುವುದು ಹೇಗೆಂದು ಇಡೀ ತಾಲ್ಲೂಕಿಗೆ ಪಾಠ ಹೇಳುವವಳು ನಾನು.

ಜನವರಿ 27, ಸೋಮವಾರ

ಹಳೇಬೀಡು. ಹಲ್ಲೆ. ದಿನಾಂಕ ಹತ್ತೊಂಬತ್ತರಿಂದ ಇಪ್ಪತ್ತಾರರವರೆಗೆ ಮಾತ್ರ. ಮೈನಸ್ ದೇವಸ್ಥಾನ, ಮೈನಸ್ ಟೆಂಪಲ್, ಮೈನಸ್ ಹೊಯ್ಸಳ, ಮೈನಸ್ ಶಿಲ್ಪಕಲೆ, ಮೈನಸ್ ಹೋಟೆಲ್. ಕನ್ನಡದಲ್ಲೂ ಇಂಗ್ಲಿಷಿನಲ್ಲೂ. ಎರಡು ಸಾವಿರ ಪುಟ ಇದ್ದದ್ದು ಆರಕ್ಕೆ ಇಳಿಯಿತು. ಆರರಲ್ಲಿ ನಾಲ್ಕು ಅದೇ ಹನ್ನೊಂದು ಸೆಕೆಂಡಿನ ವಿಡಿಯೋ. ಒಂದು ಎರಡು ಸಾಲಿನ ಸುದ್ದಿ. ಇನ್ನೊಂದು ಕೋಳಿ ಜಗಳ.

ಕಸ ಗುಡಿಸಿದ ಮೇಲೆ ಅಂಗಳ ಇಷ್ಟು ಚಿಕ್ಕದು. ಇನ್ನು ಸ್ಟಿಕ್ಕರು ನೋಡಬೇಕು.

ಜನವರಿ 30, ಗುರುವಾರ

ಸ್ಟಿಕ್ಕರನ್ನಷ್ಟೇ ಕತ್ತರಿಸಿ, ಬೆಳಕು ಹೆಚ್ಚಿಸಿ, ಆ ಚಿತ್ರವನ್ನೇ ಕೊಟ್ಟು ಹುಡುಕಿದೆ. ದುಂಡಗೆ ಹಳದಿ, ಒಳಗೆ ತೆಂಗಿನಮರ, ಮರದ ಬುಡದಲ್ಲಿ ಬ್ಯಾಟು. ಇಂಥ ಬುದ್ಧಿವಂತಿಕೆಯ ಚಿತ್ರ ಪ್ರಪಂಚದಲ್ಲಿ ಎರಡು ಇರಲಾರದು. ಒಂದೂವರೆ ಗಂಟೆಯಲ್ಲಿ ಸಿಕ್ಕಿತು. ಅರಸೀಕೆರೆಯ ಕೊಬ್ಬರಿ ವ್ಯಾಪಾರಿಗಳು ಹೋದ ವರ್ಷ ನಡೆಸಿದ ಕ್ರಿಕೆಟ್ ಪಂದ್ಯಾವಳಿ. ಆಟಗಾರರ ಪಟ್ಟಿ ಪಿಡಿಎಫ್‌ನಲ್ಲಿತ್ತು. ನಲವತ್ತನಾಲ್ಕು ಹೆಸರು.

ಎಷ್ಟೋ ದಿನದ ಮೇಲೆ ಹಸಿವಾಯಿತು. ನಿಂತಲ್ಲೇ ಮುದ್ದೆ ತಿಂದೆ. ಅವ್ವ ಪಂಚಶೀಲಕ್ಕೆ ಕರೆದಳು. ಕೆಲಸವಿದೆ ಎಂದೆ.

ಫೆಬ್ರವರಿ 2, ಭಾನುವಾರ

ಸಿಕ್ಕಿದ.

ನಲವತ್ತನಾಲ್ಕು ಹೆಸರನ್ನೂ ಒಂದೊಂದಾಗಿ ಉದ್ಧರಣ ಚಿಹ್ನೆಯೊಳಗೆ ಹಾಕಿ, ಪಕ್ಕದಲ್ಲಿ ಹಳೇಬೀಡು ಎಂದು ಸೇರಿಸಿ, ಜನವರಿ ತಿಂಗಳಿಗೆ ಕಟ್ಟಿಹಾಕಿದೆ. ಇಪ್ಪತ್ತೊಂಬತ್ತನೆಯ ಹೆಸರು ಶಶಿಕಿರಣ್. ತಂದೆ ಷಡಕ್ಷರಪ್ಪ, ಕೊಬ್ಬರಿ ಮಂಡಿ. ಜನವರಿ 19ರಂದು ಮಧ್ಯಾಹ್ನ ಮೂರಕ್ಕೆ ಅವನೇ ಹಾಕಿದ ಫೋಟೋ ಇದೆ, ಕುಟುಂಬದೊಂದಿಗೆ ಹಳೇಬೀಡು ಎಂದು. ಆಕಾಶನೀಲಿ ಅಂಗಿ. ಪಕ್ಕದಲ್ಲಿ ಹೆಂಡತಿ ಹಳದಿ ವೇಲು ಹಾಕಿಕೊಂಡು ನಗುತ್ತಾ ನಿಂತಿದ್ದಾಳೆ. ಹಿಂದೆ ಬಿಳಿ ಕಾರು, ಗಾಜಿಗೆ ಸ್ಟಿಕ್ಕರು.

ಮೂರಕ್ಕೆ ಹೆಂಡತಿ ಜೊತೆ ಫೋಟೋ, ನಾಲ್ಕೂವರೆಗೆ ನನ್ನ ತಮ್ಮನ ದವಡೆ. ಕಾರಿಗೆ ದಾರಿ ಬಿಟ್ಟಿರಲಾರ ನಟರಾಜ. ಮಂಡಿ ಇರುವವನು, ಮಠಕ್ಕೆ ಕಾಣಿಕೆ ಕೊಡುವ ಮನೆಯವನು, ಬೈಕಿನ ಮೇಷ್ಟರು ಅಡ್ಡ ಬಂದರೆ ಸುಮ್ಮನಿರುತ್ತಾನೆಯೇ. ನಮ್ಮ ಮುಖ ನೋಡಿದರೆ ಅವರಿಗೆ ಜಾತಿ ಗೊತ್ತಾಗುತ್ತದೆ. ಅಪ್ಪ ಕಚೇರಿಯಲ್ಲಿ ಮೂವತ್ತು ವರ್ಷ ಜವಾನನಾಗಿ ಇದನ್ನೇ ನುಂಗಿಕೊಂಡು ಬಂದವರು. ಎಲ್ಲ ಕೂಡಿ ಬಂತು. ಎಲ್ಲೂ ಒಂದು ಎಳೆ ಬಿಟ್ಟಿಲ್ಲ.

ಅವನ ಫೋಟೋವನ್ನು ಫೋನಿನ ಪರದೆಗೆ ಹಾಕಿಕೊಂಡಿದ್ದೇನೆ, ಮರೆಯಬಾರದೆಂದು.

ಫೆಬ್ರವರಿ 5, ಬುಧವಾರ

ಲೈಬ್ರರಿಯಲ್ಲಿ ಇಲಿ. ಬೀರುವಿನ ಮೂಲೆಗೆ ಅಟ್ಟಿ ಪೊರಕೆಯ ಹಿಡಿಯಿಂದ ಹೊಡೆದೆ. ನಾಲ್ಕನೆಯ ಏಟಿಗೇ ಸತ್ತಿತ್ತು. ಹನ್ನೊಂದು ಹೊಡೆದೆ. ನೆಲ ಒರೆಸಲು ಫಿನಾಯಿಲ್ ತರಿಸಬೇಕು.

ಇಂದು ಎಂಬ ಆ ಹಳೇಬೀಡಿನ ಹುಡುಗಿ ಮೂಲೆಯಲ್ಲಿ ಕೂತು ಕಿವಿಗೆ ತಂತಿ ಸಿಕ್ಕಿಸಿಕೊಂಡು ಫೋನಿನಲ್ಲಿ ವಿಡಿಯೋ ನೋಡುತ್ತಿದ್ದಳು. ಲೈಬ್ರರಿ ಏನು ಸಿನಿಮಾ ಟಾಕೀಸೇ? ಮರದ ಸ್ಕೇಲು ಕೈಯಲ್ಲಿತ್ತು, ಗೆಣ್ಣಿನ ಮೇಲೆ ಕೊಟ್ಟೆ. ಸ್ವಲ್ಪ ರಕ್ತ ಬಂತು. "ಮೇಡಂ, ನಾನು..." ಎಂದು ಏನೋ ಹೇಳಲು ಬಂದಳು. ಹೊರಗೆ ಹೋಗು ಎಂದೆ. ಈ ಕಾಲದ ಮಕ್ಕಳಿಗೆ ಶಿಸ್ತು ಕಡಿಮೆ.

ಫೆಬ್ರವರಿ 6, ಗುರುವಾರ

ಧರ್ಮೇಶ ಗಂಡಸಿ ಊರಿನಿಂದ ಬಂದ. ಅವನು ಕಿರಿಯ ತಮ್ಮ, ಅಲ್ಲಿ ಲೈನ್‌ಮನ್, ಕೆಲಸ ಕಾಯಂ ಆಗುವುದಕ್ಕೆ ಇನ್ನು ನಾಲ್ಕು ತಿಂಗಳಿದೆ. ನನ್ನ ಕಡತವನ್ನೆಲ್ಲ ಮುಂದಿಟ್ಟೆ. ವಿಡಿಯೋ, ಸ್ಟಿಕ್ಕರು, ಪಟ್ಟಿ, ಫೋಟೋ, ಮಂಡಿಯ ವಿಳಾಸ, ಮಧ್ಯಾಹ್ನ ಶಶಿಕಿರಣ್ ಊಟಕ್ಕೆ ಮನೆಗೆ ಹೋಗುವ ಓಣಿಯ ನಕ್ಷೆ.

"ಪೊಲೀಸ್ನೋರಿಗೆ ಕೊಡಾಣ ಅಕ್ಕ," ಎಂದ ಮೊದಲು.

"ಕೊಟ್ಟರೆ ಏನಾಗುತ್ತೆ? ವಕೀಲ ಬರ್ತಾನೆ. ಜಾಮೀನು ಬರುತ್ತೆ. ಇವತ್ತು ನಟರಾಜನ ಹತ್ರ ಹೋಗಿದ್ಯಾ? ಸ್ಟ್ರಾನಲ್ಲಿ ಗಂಜಿ ಕುಡೀತಾನೆ, ಅದೂ ಮೂಗಲ್ಲಿ ಬರುತ್ತೆ."

ಅವನು ಬಹಳ ಹೊತ್ತು ಫೋನಿನ ಮೇಲಿನ ಮುಖ ನೋಡುತ್ತಾ ಕೂತ. "ಎಷ್ಟು ಹೊಡೀಬೇಕು?" ಎಂದು ಕೇಳಿದ.

"ಸಾಯಬಾರದು. ಬಲಗೈ," ಎಂದೆ. "ರಾಡ್ ಹಿಡಿದಿದ್ದು ಆ ಕೈ."

ಅವ್ವ ಅಡುಗೆಮನೆಯಿಂದ ಬಂದು ಏನು ಮಾತು ಎಂದಳು. ಕರೆಂಟ್ ವಿಷಯ ಎಂದೆವು.

ಫೆಬ್ರವರಿ 9, ಭಾನುವಾರ

ನಿನ್ನೆ ಆಯಿತು. ಇವತ್ತು ಧರ್ಮೇಶ ಬಂದು ಹೇಳಿದ. ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು.

ಜೊತೆಗೆ ಅವನ ಗೆಳೆಯ ಲಕ್ಷ್ಮೀಶ. ಮಂಡಿಯ ಹಿಂದಿನ ಓಣಿಯಲ್ಲಿ ಕಾದರಂತೆ. ಶಶಿಕಿರಣ್ ಒಬ್ಬನೇ ಬಂದ, ಕೈಯಲ್ಲಿ ಒಂದು ಕೊಬ್ಬರಿ ಗಿಟುಕು. ಲಕ್ಷ್ಮೀಶ ಹಿಂದಿನಿಂದ ಕುತ್ತಿಗೆ ಹಿಡಿದ. ಧರ್ಮೇಶ ಗುದ್ದಲಿಯ ಕಾವಿನಿಂದ ಮೊದಲು ಮೊಣಕಾಲಿಗೆ ಕೊಟ್ಟ, ಅವನು ಬಿದ್ದ. ಬಾಯಿಗೆ ಒದ್ದ, ಹಲ್ಲು ಹೋಯಿತು. "ಹಳೇಬೀಡು ನೆನಪೈತೇನ್ಲಾ," ಎಂದು ಕೇಳಿದನಂತೆ.

"ಅವನೇನಂದ?"

"ಏನೂ ಅನ್ನಲಿಲ್ಲ ಅಕ್ಕ. ಒಂಥರಾ ನೋಡ್ದ."

ಆಮೇಲೆ ಬಲಗೈಯನ್ನು ಚರಂಡಿಯ ಕಲ್ಲಿನ ಮೇಲಿಟ್ಟು ಲಕ್ಷ್ಮೀಶ ತುಳಿದುಕೊಂಡ. ಧರ್ಮೇಶ ಹೊಡೆದ. ಮಣಿಕಟ್ಟು ಒಂದೇ ಏಟಿಗೆ ಹೋಯಿತು. ಬೆರಳುಗಳಿಗೆ ನಾಲ್ಕು ಏಟು ಬೇಕಾಯಿತು. ಒಣ ಕಡ್ಡಿ ಮುರಿದ ಸದ್ದು ಎಂದ.

ಇನ್ನೊಂದು ಸಲ ಹೇಳು ಎಂದೆ. ಹೇಳಿದ. ಕೊಟ್ಟ ಚಹಾವನ್ನು ಮುಟ್ಟದೆ ಕಲ್ಲಿನ ಮೇಲೇ ಬಿಟ್ಟ. ಅವನದು ಸ್ವಲ್ಪ ಮೆತ್ತನೆ ಸ್ವಭಾವ, ಮೊದಲಿನಿಂದಲೂ.

ಫೆಬ್ರವರಿ 10, ಸೋಮವಾರ

ಚೆನ್ನಾಗಿ ನಿದ್ದೆ ಬಂತು. ಎರಡು ಮುದ್ದೆ ತಿಂದೆ.

ಆ ಬಕೆಟ್ಟಿನ ಬಟ್ಟೆಯನ್ನು ಅವ್ವ ಮೂರು ಸಲ ನೆನೆಸಿ, ಉಪ್ಪು ಹಾಕಿ ಉಜ್ಜಿ ಒಗೆದಿದ್ದಾಳೆ. ತಂತಿಯ ಮೇಲೆ ಒಣಗುತ್ತಿತ್ತು. ಹಳದಿ.

"ಯಾರದು ಮಣಿ ಇದು?" ಎಂದು ಅವ್ವ ನನ್ನನ್ನು ಕೇಳಿದಳು.

"ಆಂಬುಲೆನ್ಸ್‌ನೋರದ್ದು. ಬಿಸಾಕು."

"ಹೆಣ್ಮಗಳ ವೇಲು ಕಣವ್ವ. ನನ್ನ ಮಗನ ರಕ್ತ ಹಿಡಿದಿರೋ ಬಟ್ಟೆಯ ಎಂಗೆ ಬಿಸಾಕ್ಲಿ?"

ಮಡಿಸಿ ಬುದ್ಧನ ಪಟದ ಕೆಳಗೆ ಇಟ್ಟಳು. ಅವಳಿಗೆ ಎಲ್ಲಕ್ಕೂ ಒಂದು ಶಾಸ್ತ್ರ ಬೇಕು.

ಫೆಬ್ರವರಿ 15, ಶನಿವಾರ

ಕ್ಲಾಸ್ ಮತ್ತೆ ಶುರು ಮಾಡಿದೆ. ಒಂಬತ್ತು ಜನ ಬಂದರು. ಮೈನಸ್ ಪಾಠವನ್ನೇ ಇನ್ನೊಮ್ಮೆ ಮಾಡಿದೆ. ಯಾರೂ ನಗಲಿಲ್ಲ.

ಎಲ್ಲರೂ ಹೋದ ಮೇಲೆ ಇಂದು ನಿಂತೇ ಇದ್ದಳು. ಬೆರಳಿಗೆ ಪಟ್ಟಿ ಇನ್ನೂ ಇತ್ತು. ಒಂದು ವಿಡಿಯೋದ ಹೆಸರು ಬರೆದ ಚೀಟಿ ಮೇಜಿನ ಮೇಲಿಟ್ಟಳು. "ಮೇಡಂ, ನಟರಾಜ್ ಸರ್ ನನಗೆ ಹೈಸ್ಕೂಲಲ್ಲಿ ಗಣಿತ ಹೇಳ್ಕೊಟ್ಟೋರು. ಅವತ್ತಿಂದ ನಾನೂ ಹುಡುಕ್ತಿದ್ದೆ. ನಿಮ್ಮ ಥರ ಮೈನಸ್ ಹಾಕ್ಲಿಲ್ಲ. ದೇವಸ್ಥಾನದ ವಿಡಿಯೋ ಎಲ್ಲಾ ನೋಡ್ದೆ, ಆ ವಾರ ಹಾಕಿದ್ದು ಅರವತ್ತೇಳು. ಅವತ್ತು ನೀವು ಹೊಡೆದಾಗ ಅದನ್ನೇ ನೋಡ್ತಿದ್ದೆ. ನಿನ್ನೆ ಸಿಕ್ತು. ಮೂವತ್ತೊಂದನೇ ನಿಮಿಷ ನೋಡಿ."

ಹೋದಳು. ನಾನು ಬಾಗಿಲು ಹಾಕಿಕೊಂಡೆ. ಮಧ್ಯಾಹ್ನ ಹನ್ನೆರಡೂವರೆ, ಹೊರಗೆ ಹುಡುಗರು ಕೇಕೆ ಹಾಕಿ ವಾಲಿಬಾಲ್ ಆಡುತ್ತಿದ್ದರು.

ಯಾರೋ ಮಲಯಾಳಿ ಗಂಡಹೆಂಡತಿ ತೆಗೆದ ಪ್ರವಾಸದ ವಿಡಿಯೋ, ಐವತ್ತೆರಡು ನಿಮಿಷ. ಹೆಸರಿನಲ್ಲಿ ದೇವಸ್ಥಾನವೂ ಇದೆ, ಹೊಯ್ಸಳವೂ ಇದೆ, ಶಿಲ್ಪಕಲೆಯೂ ಇದೆ. ನಾನು ಹೊರಗೆ ಹಾಕಿದ ಪದಗಳೆಲ್ಲ ಸಾಲಾಗಿ. ಮೂವತ್ತು ನಿಮಿಷ ಆನೆ, ಕುದುರೆ, ಬಳ್ಳಿ. ಆಮೇಲೆ ಹುಲ್ಲಿನ ಮೇಲೆ ನಿಂತು ಕೆರೆ ತೋರಿಸುತ್ತಾರೆ. ಕೂಗು ಕೇಳುತ್ತದೆ. ಕ್ಯಾಮೆರಾ ಬೇಲಿಯ ಆಚೆ ರಸ್ತೆಗೆ ತಿರುಗಿ ಹತ್ತಿರವಾಗುತ್ತದೆ.

ಕಂದು ಬಣ್ಣದ ಜೀಪು. ಕಪ್ಪು ಟೀಶರ್ಟಿನ ಒಬ್ಬ. ಅವನ ಕೈಯಲ್ಲಿ ರಾಡ್. ನಟರಾಜ ಹೆಲ್ಮೆಟ್ ತೆಗೆದು ಏನೋ ಹೇಳುತ್ತಿದ್ದಾನೆ, ಕೈ ಮುಂದೆ ಮಾಡಿ, ಪಾಠ ಹೇಳುವ ಹಾಗೆ. ಮೊದಲ ಏಟು ದವಡೆಗೆ. ಎರಡನೆಯದು ತಲೆಗೆ. ಬ್ಯಾಗ್ ಹರಿದು ಉತ್ತರ ಪತ್ರಿಕೆಗಳು ಹಾರುತ್ತವೆ. ಬಿದ್ದ ಮೇಲೂ ಪಕ್ಕೆಗೆ ಎರಡು. ಐದನೆಯದಕ್ಕೆ ಎತ್ತಿದಾಗ ಬಿಳಿ ಕಾರಿನಿಂದ ಆಕಾಶನೀಲಿ ಅಂಗಿಯವನು ಓಡಿ ಬಂದು ಹಿಂದಿನಿಂದ ಆ ಕೈ ಹಿಡಿಯುತ್ತಾನೆ. ಇಬ್ಬರೂ ಉರುಳುತ್ತಾರೆ. ಕಪ್ಪು ಟೀಶರ್ಟಿನವನು ಅವನ ಭುಜ ಕಚ್ಚುತ್ತಾನೆ, ಹೊಟ್ಟೆಗೆ ಒದೆಯುತ್ತಾನೆ. ಇವನು ರಾಡ್ ಕಸಿದುಕೊಂಡು ಎದ್ದು, ನನ್ನ ತಮ್ಮನ ಎರಡೂ ಪಕ್ಕ ಕಾಲಿಟ್ಟು ನಿಂತು, ಹತ್ತಿರ ಬಂದರೆ ನೋಡು ಎಂಬಂತೆ ರಾಡನ್ನು ತಲೆಯ ಮೇಲೆ ಎತ್ತುತ್ತಾನೆ.

ಆ ಹನ್ನೊಂದು ಸೆಕೆಂಡು ಅದು.

ಜೀಪು ಓಡಿಹೋಗುತ್ತದೆ. ಅವನು ರಾಡನ್ನು ಕೆರೆಗೆ ಎಸೆಯುತ್ತಾನೆ. ಹೆಂಡತಿ ಓಡಿ ಬಂದು ಮಂಡಿಯೂರಿ, ಕೊರಳಿನ ಹಳದಿ ವೇಲು ತೆಗೆದು ನಟರಾಜನ ತಲೆಗೆ ಬಿಗಿಯುತ್ತಾಳೆ. ಅಷ್ಟರಲ್ಲಿ ಟೀ ಅಂಗಡಿಯ ಕಡೆಯಿಂದ ಜನ. ಒಬ್ಬ ಬಂದವನೇ ಇವನ ಮುಖಕ್ಕೆ ಗುದ್ದುತ್ತಾನೆ, ಇನ್ನೊಬ್ಬ ಅಂಗಿ ಹಿಡಿದು ಎಳೆಯುತ್ತಾನೆ. ಹೆಂಡತಿ ಕೈಮುಗಿದು ಕೂಗುತ್ತಾಳೆ. ಗಂಡನನ್ನು ಎಳೆದುಕೊಂಡು ಹೋಗಿ ಕಾರಿಗೆ ನೂಕುತ್ತಾಳೆ. ಹೊರಟುಹೋಗುತ್ತಾರೆ.

ಮಲಯಾಳಿ ಹೆಂಗಸು ಏನೋ ಹೇಳುತ್ತಾಳೆ. ಮತ್ತೆ ಆನೆ, ಕುದುರೆ.

ಎರಡನೆಯ ಸಲ ನೋಡಲಿಲ್ಲ.

ಫೆಬ್ರವರಿ 16, ಭಾನುವಾರ

ಧರ್ಮೇಶನನ್ನು ಕರೆಸಿ ತೋರಿಸಿದೆ.  ಮುಗಿದ ಮೇಲೆ ಎದ್ದು ಹಿತ್ತಲಿಗೆ ಹೋದ. ಗೋಡೆಗೆ ಕೈ ಗುದ್ದಿಕೊಳ್ಳುತ್ತಿದ್ದ, ಅವ್ವ ಹೋಗಿ ತಬ್ಬಿ ಹಿಡಿದಳು.

"ನಾನು ಪೊಲೀಸ್ನೋರಿಗೆ ಕೊಡಾಣ ಅಂದೆ ಅಲ್ವಾ ಅಕ್ಕ," ಎಂದ.

"ಹೂಂ, ನೀನು ಅಂದೆ."

ಅವ್ವನಿಗೂ ಹೇಳಬೇಕಾಯಿತು. ಬೈಯುತ್ತಾಳೆ ಎಂದುಕೊಂಡಿದ್ದೆ. ಬುದ್ಧನ ಪಟದ ಕೆಳಗಿನಿಂದ ವೇಲು ತೆಗೆದು ನನ್ನ ಮಡಿಲಿಗೆ ಹಾಕಿದಳು, ಅಷ್ಟೇ. ಈ ವೇಲು ಮೂರು ವಾರ ಬಚ್ಚಲಲ್ಲೂ ತಂತಿಯ ಮೇಲೂ ಇತ್ತು. ಅದು ಬಚ್ಚಲಲ್ಲಿದ್ದಾಗಲೇ ನಾನು ಪರದೆಯಲ್ಲಿ ಹುಡುಕುತ್ತಿದ್ದೆ. ನನ್ನ ಮೇಲೆ ನನಗೇ ಅಸಹ್ಯವಾಗುತ್ತಿದೆ.

ಫೆಬ್ರವರಿ 17, ಸೋಮವಾರ

ಬೆಳಿಗ್ಗೆಯ ಅರಸೀಕೆರೆ ಬಸ್ಸು. ಹಳೇಬೀಡಿನಲ್ಲಿ ಹತ್ತು ನಿಮಿಷ ನಿಂತಿತು, ನಾನು ಕೆರೆಯ ಕಡೆಗೆ ನೋಡಲಿಲ್ಲ. ಜಾವಗಲ್ ದಾಟಿದ ಮೇಲೆ ಎರಡು ಕಡೆಯೂ ತೆಂಗು.

ಮಂಡಿಯ ಮುಂದೆ ಒಬ್ಬ ಯಜಮಾನರು ಚಾಪೆಯ ಮೇಲೆ ಕೂತು ಗಿಟುಕುಗಳನ್ನು ಒಂದೊಂದಾಗಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ ನೋಡುತ್ತಿದ್ದರು. ಒಣಗಿದೆಯೋ ಇಲ್ಲವೋ ಎಂದು ಸದ್ದಿನಲ್ಲೇ ತಿಳಿಯುತ್ತದಂತೆ. ಷಡಕ್ಷರಪ್ಪ ಇವರೇ ಎಂದು ಗೊತ್ತಾಯಿತು.

"ಯಾವ ಕಡೆಯೋರು ತಾಯಿ?"

"ಬೇಲೂರು. ಶಶಿಕಿರಣ್ ಅವರನ್ನ ನೋಡಬೇಕಿತ್ತು."

"ಮಲಗವ್ನೆ. ಹೋಗಿ, ಒಳಗೆ ಹೆಂಗಸರು ಅವ್ರೆ."

ನಡುಮನೆಯ ಮಂಚದ ಮೇಲೆ ಮಲಗಿದ್ದ. ಮೂಳೆ ಕೂಡಿಸಲು ಹಾಕಿದ ಕಬ್ಬಿಣದ ಕಡ್ಡಿಗಳು ಬಲಗೈಯ ಚರ್ಮದ ಹೊರಗೆ ನಿಂತಿದ್ದವು. ಬೆರಳುಗಳು ಕಪ್ಪಗೆ ಊದಿದ್ದವು, ಒಂದು ಇರಲೇ ಇಲ್ಲ. ಮುಂದಿನ ಹಲ್ಲು ಎರಡು ಇರಲಿಲ್ಲ. ಅವನ ತಾಯಿ ಶಾಂತಾದೇವಿ ಕಾಲಬುಡದಲ್ಲಿ ಕೂತು ಅನ್ನ ಕಲಸುತ್ತಿದ್ದರು.  ಚೀಲದಿಂದ ವೇಲು ತೆಗೆದು ಕೈಯಲ್ಲಿ ಹಿಡಿದುಕೊಂಡೆ.

ಅಡುಗೆಮನೆಯಿಂದ ಬಂದ ಅವನ ಹೆಂಡತಿ ಶಿಲ್ಪಾ ಅದನ್ನೇ ನೋಡಿದಳು. "ಇದು ನಂದು," ಎಂದಳು. ಆಮೇಲೆ ಮೆಲ್ಲಗೆ, "ನೀವು ಮೇಷ್ಟ್ರು ಮನೆಯೋರಾ?"

ಅವನು ಏಳಲು ಹೋದ. ಆಗಲಿಲ್ಲ. "ಮೇಷ್ಟ್ರು ಇದಾರಾ?" ಎಂದ.

"ಇದಾನೆ. ನನ್ನ ತಮ್ಮ. ಬದುಕಿದಾನೆ."

ಅವನು ಕಣ್ಣು ಮುಚ್ಚಿಕೊಂಡ. ಮುಚ್ಚಿದ ಕಣ್ಣಿನಿಂದ ನೀರು ಇಳಿದು ಕಿವಿಗೆ ಹೋಯಿತು. "ನನ್ನ ಹೊಡೆದೋರು ಹಳೇಬೀಡು ಅಂದ್ರು. ಆಗ ಅನ್ಕೊಂಡೆ, ಮೇಷ್ಟ್ರು ಹೋಗ್ಬಿಟ್ರು, ಅದಕ್ಕೇ ಅವ್ರ ಕಡೆಯೋರು ನಾನೇ ಹೊಡೆದೆ ಅನ್ಕೊಂಡು ಇಷ್ಟು ಉರ್ಕೊಂಡು ಬಂದವ್ರೆ ಅಂತ. ಅವತ್ತು ಬಿಟ್ಟು ಬರಬಾರ್ದಿತ್ತು ನಾನು."

"ದಿನಾ ಫೋನಲ್ಲಿ ಹುಡುಕಿದೀನಿ," ಎಂದಳು ಶಿಲ್ಪಾ. "ಹೆಸರು ಗೊತ್ತಿಲ್ಲ, ಪೇಪರ್ ಚೆಲ್ಲಿದ್ದಕ್ಕೆ ಮೇಷ್ಟ್ರು ಅಂತ ಗೊತ್ತು ಅಷ್ಟೇ. ಹಳೇಬೀಡು ಮೇಷ್ಟ್ರು ಅಂತ ಹಾಕಿದ್ರೆ ಬರೀ ದೇವಸ್ಥಾನ ಬರುತ್ತೆ."

ಶಿಲ್ಪಾ ನನಗೆ ಕಾಫಿ ಮಾಡಲು ಹೊರಟಳು. ಆಗ ಹೇಳಿದೆ. ನಿಮ್ಮ ಗಂಡನನ್ನು ಹೊಡೆದವನು ನನ್ನ ಕಿರಿಯ ತಮ್ಮ, ಹೆಸರು, ಓಣಿ, ವೇಳೆ ಎಲ್ಲ ಹುಡುಕಿ ಕೊಟ್ಟವಳು ನಾನು. ಬಲಗೈ ಎಂದು ಹೇಳಿದವಳೂ ನಾನು.

 ಶಾಂತಾದೇವಿ ಎದ್ದು ಬಂದು ಅನ್ನದ ಕೈಯಲ್ಲೇ ನನ್ನ ಕೆನ್ನೆಗೆ ಹೊಡೆದರು. ಎರಡನೆಯದು ಕಿವಿಯ ಮೇಲೆ ಬಿತ್ತು, ಓಲೆಯ ತಿರುಪು ಚುಚ್ಚಿಕೊಂಡು ರಕ್ತ ಬಂತು. ಶಿಲ್ಪಾ ನನ್ನ ಜಡೆ ಹಿಡಿದು ಕಂಬಕ್ಕೆ ತಲೆ ಬಡಿದಳು. ಒಮ್ಮೆ, ಇನ್ನೊಮ್ಮೆ. ನಾನು ಕೈ ಅಡ್ಡ ತರಲಿಲ್ಲ. ನೋಯುತ್ತಿತ್ತು, ಬಹಳ ನೋಯುತ್ತಿತ್ತು, ನಟರಾಜನಿಗೆ ಹೀಗೇ ನೋಯಿತು ಎಂದುಕೊಂಡೆ, ಇವನಿಗೂ.

"ಸಾಕು ಬಿಡ್ರವ್ವಾ," ಎಂದ ಅವನು ಮಂಚದಿಂದ. "ಹೊಡೆದಿದ್ದು ಸಾಕು. ಏ ಶಿಲ್ಪಾ, ಬಿಡು."

ಬಿಟ್ಟಳು. ಬಿಟ್ಟು ನೆಲದ ಮೇಲೆ ಕೂತು ವೇಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಬಾಗಿಲಲ್ಲಿ ಷಡಕ್ಷರಪ್ಪ ನಿಂತಿದ್ದರು, ಎಷ್ಟು ಹೊತ್ತಿನಿಂದಲೋ. ಅವರ ಕೈಯಲ್ಲಿ ಒಂದು ಗಿಟುಕು ಇತ್ತು. "ಒಂದೂವರೆಗೆ ಬೇಲೂರು ಬಸ್ ಐತೆ, ಹೊರಡಿ ತಾಯಿ," ಎಂದರು.

ಹೊರಡುವಾಗ ಅವನು ಕೇಳಿದ, ಮೇಷ್ಟರು ಯಾವ ಆಸ್ಪತ್ರೆ ಎಂದು. ವಾರ್ಡ್ ನಂಬರು ಹೇಳಿದೆ.

ಫೆಬ್ರವರಿ 18, ಮಂಗಳವಾರ

ಧರ್ಮೇಶ ಬೈಕ್ ತಂದು, "ಹತ್ತು," ಎಂದ. ಸ್ಟೇಷನ್ನಿಗೆ ಹೋದೆವು. ಅರುಣ್‌ಕುಮಾರ್ ಅವರ ಮುಂದೆ ಇಬ್ಬರೂ ಮಾಡಿದ್ದನ್ನು ಬರೆದುಕೊಟ್ಟೆವು. ಧರ್ಮೇಶ ತನ್ನ ಹೆಸರು ಮೊದಲು ಬರೆಯಲು ಹೋದ, ಕಾಗದ ಎಳೆದುಕೊಂಡು ನನ್ನದು ಮೊದಲು ಬರೆದೆ. ಅದನ್ನು ಅರಸೀಕೆರೆ ಸ್ಟೇಷನ್ನಿಗೆ ಕಳಿಸುತ್ತಾರೆ. ಧರ್ಮೇಶನನ್ನು ಇವತ್ತೇ ಇಟ್ಟುಕೊಂಡರು, ಲಕ್ಷ್ಮೀಶನನ್ನು ಕರೆತರಲು ಹೋದರು. ನನ್ನನ್ನು ಕರೆದಾಗ ಬರಬೇಕು. ಕಾಯಂ ಆಗುವ ಮಾತು ಇನ್ನಿಲ್ಲ. ಅವನ ಬೈಕಿನ ಕೀ ನನ್ನ ಕೈಯಲ್ಲಿದೆ, ನನಗೆ ಓಡಿಸಲು ಬಾರದು.

ದೇವಸ್ಥಾನದ ವಿಡಿಯೋ ಕೊಟ್ಟೆ. ಕಪ್ಪು ಟೀಶರ್ಟಿನವನ ಮುಖ ಅದರಲ್ಲಿ ನಿಚ್ಚಳವಾಗಿದೆ. ಹತ್ತು ನಿಮಿಷ ಕೊಟ್ಟರೆ ನಾನೇ ಅವನ ಊರು ಕೇರಿ ತೆಗೆಯಬಲ್ಲೆ. ತೆಗೆಯಲಿಲ್ಲ. ಕೈ ಹೋಗಲಿಲ್ಲ.

ಕಾಲೇಜಿಗೆ ಹೋಗಿ ಇಂದುವನ್ನು ಹುಡುಕಿ, ಎಲ್ಲರ ಮುಂದೆ, ನಿನ್ನ ಮೇಲೆ ಕೈ ಮಾಡಬಾರದಿತ್ತು ಎಂದೆ. ಅವಳು ನನ್ನ ಕಿವಿಯ ಪಟ್ಟಿ ನೋಡಿ, "ನಿಮಗೇನಾಯ್ತು ಮೇಡಂ?" ಎಂದಳು.

ಫೆಬ್ರವರಿ 22, ಶನಿವಾರ

ಆಸ್ಪತ್ರೆ. ನಟರಾಜನ ಎಡಗಣ್ಣು ತೆರೆದಿದೆ, ದವಡೆಯ ತಂತಿ ಇನ್ನೂ ಎರಡು ವಾರ. ಬೆಳಿಗ್ಗೆ ಹನ್ನೊಂದಕ್ಕೆ ಗಂಜಿ ಕುಡಿಸುತ್ತಿದ್ದೆ. ವಾರ್ಡಿನ ಬಾಗಿಲಲ್ಲಿ ಶಿಲ್ಪಾ ಕಂಡಳು, ಹಿಂದೆ ಶಶಿಕಿರಣ್. ಕೈಯ ಡ್ರೆಸ್ಸಿಂಗಿಗೆ ಹಾಸನಕ್ಕೆ ಬಂದಿದ್ದರಂತೆ. ಶಿಲ್ಪಾ ನನ್ನ ಕಡೆ ನೋಡಲಿಲ್ಲ. ಅವನು ಸ್ಟೂಲಿನ ಮೇಲೆ ಕೂತು, ಕಡ್ಡಿ ತುರುಕಿದ ಕೈಯನ್ನು ಎಡಗೈಯಲ್ಲಿ ಎತ್ತಿ ಮಡಿಲಲ್ಲಿಟ್ಟುಕೊಂಡು, ನಟರಾಜನನ್ನೇ ನೋಡುತ್ತಾ ಕೂತ.

"ಚೆನ್ನಾಗಿದೀರಾ ಮೇಷ್ಟ್ರೇ," ಎಂದ.

ನಟರಾಜ ಸ್ಲೇಟಿನಲ್ಲಿ ನನಗೆ ಬರೆದ. ಇವರು ಯಾರು?

"ಅವತ್ತು ನಿನ್ನನ್ನ ಉಳಿಸಿದೋರು," ಎಂದೆ.

ನಟರಾಜ ಎರಡೂ ಕೈ ಜೋಡಿಸಿದ. ಕೈ ಇಳಿಸುವಾಗ ಅವನ ಕಣ್ಣು ಆ ಕಬ್ಬಿಣದ ಕಡ್ಡಿಗಳ ಮೇಲೆ ಬಿತ್ತು. ಸ್ಲೇಟನ್ನು ಅಂಗೈಯಲ್ಲಿ ಒರೆಸಿ ಮತ್ತೆ ಬರೆದು, ಈ ಸಲ ಅವರಿಗೆ ತೋರಿಸಿದ. ನಿಮ್ಮ ಕೈಗೆ ಏನಾಯ್ತು?

 ಶಶಿಕಿರಣ್ ಬಿದ್ದೆ ಎಂದೋ, ಆಕ್ಸಿಡೆಂಟ್ ಎಂದೋ ಹೇಳಬಹುದಿತ್ತು. ಕಿಟಕಿಯ ಕಡೆ ತಿರುಗಿ ಕೂತ. ಶಿಲ್ಪಾ ಈಗ ನನ್ನ ಕಡೆ ನೋಡಿದಳು. ನಟರಾಜ ಅವಳ ನೋಟದ ಹಿಂದೆ ಹೋಗಿ, ನನ್ನ ಮುಖ ನೋಡಿ, ಸ್ಲೇಟನ್ನೂ ಬಳಪವನ್ನೂ ನನ್ನ ಕೈಗೆ ಕೊಟ್ಟ. ಚಿಕ್ಕಂದಿನಲ್ಲಿ ಅವನಿಗೆ ಸ್ಲೇಟಿನ ಮೇಲೆ ಕೈ ಹಿಡಿದು ಬರೆಸಿದವಳು ನಾನು.

ಅವನು ಬರೆದದ್ದನ್ನು ಅಳಿಸಲಿಲ್ಲ. ಅದರ ಕೆಳಗೆ, ನಾನು, ಎಂದು ಬರೆದೆ.